ಅಬ್ಬಿ ನಮ್ಮೂರದ್ದು, ಫೋಟೋ ಯಾರದ್ದು?

1875ರಲ್ಲಿ ಲಂಡನ್ನಿನಲ್ಲಿ ಹ್ಯಾರಿ ವಾಲ್ ಎಂಬಾತ ಒಂದು ಕಚೇರಿ ತೆರೆದ. ಲೇಖಕರು, ಸಂಗೀತ ರಚಿಸುವವರು ಮತ್ತು ಕಲಾವಿದರ ಹಕ್ಕು ಕಾಯುವ ಕಚೇರಿ ಎಂದು ಅದರ ಹೆಸರೇ ಸಾರುತ್ತಿತ್ತು. ವಾಲ್ ಮಾಡುತ್ತಿದ್ದ ಕೆಲಸ ಸರಳವಾದದ್ದು. ಸತ್ತುಹೋದ ಸಂಗೀತಗಾರರ ವಾರಸುದಾರರಿಂದ ಹಳೆಯ ಹಾಡುಗಳ ಪ್ರದರ್ಶನದ ಹಕ್ಕನ್ನು ಕೊಂಡುಕೊಳ್ಳುವುದು. ಆ ಹಾಡನ್ನು ಯಾವ ಊರಿನಲ್ಲಿ, ಯಾವ ಸಭೆಯಲ್ಲಿ, ಯಾರು ಹಾಡಿದರು ಎಂದು ಪತ್ತೆ ಹಚ್ಚುವುದು. ಹಾಡಿದವರಿಗೆ ಪತ್ರ ಬರೆದು ದಂಡ ಕೇಳುವುದು. ಅವನು ಕೇಳುತ್ತಿದ್ದ ಮೊತ್ತ 2 ಪೌಂಡ್. ನಾಟಕಗಳ ರಕ್ಷಣೆಗೆಂದು 1833ರಲ್ಲಿ ಬಂದ ಕಾಯಿದೆಯಲ್ಲಿ ಪ್ರತಿ ಪ್ರದರ್ಶನಕ್ಕೆ ಕನಿಷ್ಠ 40 ಶಿಲ್ಲಿಂಗ್ ದಂಡ ಎಂದಿತ್ತು. 1842ರಲ್ಲಿ ಅದು ಸಂಗೀತಕ್ಕೂ ಅನ್ವಯವಾಯಿತು. ರಂಗಮಂದಿರದ ಮಾಲೀಕನನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದ ಆ ದಂಡವನ್ನು ವಾಲ್ ಹಳ್ಳಿಯ ಸಹಾಯಾರ್ಥ ಸಭೆಗಳಲ್ಲಿ ಹಾಡಿದವರ ಮೇಲೆ ಹೇರಿದ. ಹಾಡಿದವರಿಗೆ ಹಾಡಿಗೊಬ್ಬ ಒಡೆಯನಿದ್ದಾನೆಂಬುದೇ ಗೊತ್ತಿರಲಿಲ್ಲ. ಪತ್ರ ಕಂಡು ಹೆದರಿ ದುಡ್ಡು ಕೊಟ್ಟರು.

ವಾಲ್ ಕಾನೂನಿಗೆ ವಿರುದ್ಧವಾಗಿ ಏನನ್ನೂ ಕೇಳಲಿಲ್ಲ ಎಂಬುದೇ ಇಲ್ಲಿನ ಸ್ವಾರಸ್ಯ. ಕಾಯಿದೆಯ ಅಕ್ಷರ ಅವನ ಪರವಾಗಿಯೇ ಇತ್ತು. ಕೊನೆಗೆ ಬ್ರಿಟಿಷ್ ಸಂಸತ್ತೇ ಎರಡು ಸಲ ಕಾಯಿದೆ ತಿದ್ದಬೇಕಾಯಿತು. 1882ರಲ್ಲಿ, ಪ್ರದರ್ಶನದ ಹಕ್ಕು ಕಾದಿರಿಸಿದ್ದರೆ ಅದನ್ನು ಹಾಡಿನ ಪುಸ್ತಕದ ಮುಖಪುಟದಲ್ಲಿ ಅಚ್ಚು ಹಾಕಬೇಕು ಎಂದು ನಿಯಮ ಬಂತು. 1888ರಲ್ಲಿ ಕನಿಷ್ಠ ದಂಡವನ್ನು ತೆಗೆದುಹಾಕಿ, ಎಷ್ಟು ಪರಿಹಾರ ಕೊಡಬೇಕೆಂಬುದನ್ನು ನ್ಯಾಯಾಧೀಶರ ವಿವೇಚನೆಗೆ ಬಿಟ್ಟರು.

ಉತ್ತರ ಕನ್ನಡದ ಅಚ್ಚು ಮತ್ತು ಚಿತ್ರಗಳ ಚರಿತ್ರೆಯ ಮೇಲೆ ಪಿಎಚ್‌ಡಿ ಮಾಡುತ್ತಿರುವ ನನಗೆ ಹ್ಯಾರಿ ವಾಲ್ ಒಂದು ಅಡಿಟಿಪ್ಪಣಿಯಷ್ಟೇ ಆಗಿದ್ದ. ಅವನು ಸಿದ್ದಾಪುರದ ಕಡೆಯ ಅಡಿಕೆ ತೋಟದ ನಡುವಿನ ಮನೆಯೊಂದಕ್ಕೆ ಬಂದು ಕೂರುತ್ತಾನೆಂದು ಅಂದುಕೊಂಡಿರಲಿಲ್ಲ.

ದೂರದ ಸಂಬಂಧದಲ್ಲಿ ನನಗೆ ಮಾವನಾಗಬೇಕಾದ ಒಬ್ಬರು ಮೂರು ಕೋಣೆಯ ಹೋಂಸ್ಟೇ ನಡೆಸುತ್ತಾರೆ. ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಈಗ ಇಂಥವು ಬಹಳ. ಅಡಿಕೆಯ ದರ ಏರಿಳಿಯುವಾಗ, ಕೊಳೆರೋಗ ಬಂದಾಗ ಕೈ ಹಿಡಿಯುವುದು ಮಳೆಗಾಲದಲ್ಲಿ ಅಬ್ಬಿ ನೋಡಲು ಬರುವ ಜನ. ಅವರನ್ನು ಕರೆಯಲು ಒಂದು ವೆಬ್‌ಸೈಟ್ ಬೇಕು. ಪೇಟೆಯ ಹುಡುಗನೊಬ್ಬ ಅದನ್ನು ಮಾಡಿಕೊಟ್ಟಿದ್ದ. ಮನೆಯ ಜಗುಲಿ, ಅಪ್ಪೆಮಿಡಿ ಉಪ್ಪಿನಕಾಯಿ, ತೊಡದೇವಿನ ಫೋಟೋಗಳನ್ನು ಮೊಬೈಲಿನಲ್ಲಿ ತೆಗೆದು, ಉಂಚಳ್ಳಿ ಜಲಪಾತದ್ದನ್ನು ಮಾತ್ರ ಗೂಗಲ್‌ನಿಂದ ಇಳಿಸಿಕೊಂಡು ಹಾಕಿದ್ದ. ಮೂರು ವರ್ಷ ಯಾರೂ ಏನೂ ಅನ್ನಲಿಲ್ಲ. ಆಮೇಲೆ ಇಂಗ್ಲಿಷಿನಲ್ಲಿ ಒಂದು ಇಮೇಲ್ ಬಂತು.

“ತಮಾ, ಇದೆಂತದು ಓದಿ ಹೇಳು” ಎಂದರು ಮಾವ.

ಓದಿದೆ. ಚಿತ್ರದ ಒಂದು ಪ್ರತಿ, ಅವರ ವೆಬ್‌ಸೈಟಿನ ಪುಟದ ಸ್ಕ್ರೀನ್‌ಶಾಟ್, ದಿನಾಂಕ, ಒಂದು ಕೇಸ್ ನಂಬರ್, ಹಿಂದಿನ ಬಳಕೆಗೆ ಕೊಡಬೇಕಾದ ಮೊತ್ತ, 14 ದಿನಗಳ ಗಡುವು, ಹಣ ಪಾವತಿಸುವ ಲಿಂಕ್. ಚಿತ್ರವನ್ನು ತೆಗೆದುಹಾಕಿದರೂ ಬಾಕಿ ತೀರುವುದಿಲ್ಲ ಎಂಬ ಒಂದು ಸಾಲು, ಕೊನೆಯಲ್ಲಿ ಕೋರ್ಟಿನ ಮಾತು. ಕೇಳಿದ ಮೊತ್ತ ಆ ಮೂರು ಕೋಣೆಗಳ ಎರಡು ತಿಂಗಳ ದುಡಿಮೆಯಷ್ಟು. ಫೋಟೋ ತೆಗೆದವರ ಹೆಸರು ಪತ್ರದಲ್ಲಿ ಎಲ್ಲಿಯೂ ಇರಲಿಲ್ಲ.

“ಅಬ್ಬಿ ನಮ್ಮೂರ್ದು. ಫೋಟೋ ಅವರ್ದು ಹ್ಯಾಂಗಾತು?” ಎಂದು ಮಾವ ಕೇಳಿದರು.

ಪ್ರಶ್ನೆ ಮುಗ್ಧವಾಗಿ ಕಂಡರೂ ಸಣ್ಣದಲ್ಲ. ಇದಕ್ಕೆ ಉತ್ತರ ಕೊಡಲು ಕಾನೂನಿಗೆ ಸುಮಾರು ಮುನ್ನೂರು ವರ್ಷ ಹಿಡಿದಿದೆ.

ಚಿತ್ರಕ್ಕೆ ಒಡೆತನದ ಹಕ್ಕು ಕೇಳಿ ಗೆದ್ದವರಲ್ಲಿ ಮೊದಲಿಗರು ಇಂಗ್ಲೆಂಡಿನ ವಿಲಿಯಂ ಹೊಗಾರ್ತ್ ಮತ್ತು ಅವನ ಜೊತೆಗಾರರು. ಹೊಗಾರ್ತ್ ತಾಮ್ರದ ತಗಡಿನಲ್ಲಿ ಕೊರೆದು ಅಚ್ಚು ಹಾಕುತ್ತಿದ್ದ ಚಿತ್ರಮಾಲೆಗಳನ್ನು ಲಂಡನ್ನಿನ ಅಂಗಡಿಯವರು ನಕಲು ಮಾಡಿ ಅಗ್ಗಕ್ಕೆ ಮಾರುತ್ತಿದ್ದರು. 1735ರಲ್ಲಿ ಸಂಸತ್ತು ಒಪ್ಪಿದ ಕಾಯಿದೆ ಕೆತ್ತನೆಗಾರರಿಗೆ 14 ವರ್ಷಗಳ ಹಕ್ಕು ಕೊಟ್ಟಿತು. ನಕಲಿನ ಪ್ರತಿಯೊಂದಕ್ಕೆ 5 ಶಿಲ್ಲಿಂಗ್ ದಂಡ ಇಟ್ಟಿತು. ಕಾಯಿದೆ ಜಾರಿಗೆ ಬರುವವರೆಗೆ ಹೊಗಾರ್ತ್ ತನ್ನ ಮುಂದಿನ ಚಿತ್ರಮಾಲೆಯನ್ನು ಹೊರತರದೆ ಕಾದ. ಇಲ್ಲಿ ಹಕ್ಕು ಕೇಳಿದವನೂ ಕೆತ್ತಿದವನೂ ಒಬ್ಬನೇ. ಒಡೆತನದ ನ್ಯಾಯ ಅವನ ಬೆರಳಿನ ಗಾಯದಲ್ಲಿಯೇ ಕಾಣುತ್ತಿತ್ತು.

ಕ್ಯಾಮೆರಾ ಬಂದಾಗ ಈ ನ್ಯಾಯ ತೊಡಕಾಯಿತು. ಬೆಳಕು ಬಿದ್ದು ಮೂಡುವ ಚಿತ್ರದಲ್ಲಿ ಮನುಷ್ಯನ ಕೆಲಸ ಎಷ್ಟು? ಬ್ರಿಟನ್ 1862ರಲ್ಲಿ ವರ್ಣಚಿತ್ರ, ರೇಖಾಚಿತ್ರಗಳ ಜೊತೆಗೆ ಫೋಟೋವನ್ನೂ ಸೇರಿಸಿ ರಕ್ಷಣೆ ಕೊಟ್ಟಿತು. ಅಮೆರಿಕದಲ್ಲಿ ಪ್ರಶ್ನೆ ಸುಪ್ರೀಂ ಕೋರ್ಟಿನವರೆಗೆ ಹೋಯಿತು. 1882ರಲ್ಲಿ ನ್ಯೂಯಾರ್ಕಿನ ಛಾಯಾಗ್ರಾಹಕ ನೆಪೋಲಿಯನ್ ಸರೋನಿ, ಉಪನ್ಯಾಸಕ್ಕೆಂದು ಬಂದಿದ್ದ ಆಸ್ಕರ್ ವೈಲ್ಡ್‌ನ ಫೋಟೋಗಳನ್ನು ತೆಗೆದ. ಬರೋ-ಜೈಲ್ಸ್ ಎಂಬ ಕಲ್ಲಚ್ಚಿನ ಕಂಪನಿ ಅದರಲ್ಲೊಂದರ 85,000 ಪ್ರತಿಗಳನ್ನು ಅಚ್ಚು ಹಾಕಿತು. ಫೋಟೋ ಯಂತ್ರದ ಹುಟ್ಟು, ಅದಕ್ಕೆ ಕರ್ತೃವಿಲ್ಲ ಎಂಬುದು ಕಂಪನಿಯ ವಾದ. 1884ರಲ್ಲಿ ನ್ಯಾಯಾಲಯ ಒಪ್ಪಲಿಲ್ಲ. ವೈಲ್ಡ್‌ನನ್ನು ಕೂರಿಸಿದ ಭಂಗಿ, ಉಡುಗೆ, ನೆರಳು ಬೆಳಕಿನ ಹೊಂದಿಕೆ ಇವೆಲ್ಲ ಸರೋನಿಯ ಮನಸ್ಸಿನಲ್ಲಿ ಹುಟ್ಟಿದ್ದು ಎಂದು ಹೇಳಿ ಅವನನ್ನು ಕರ್ತೃ ಎಂದು ಒಪ್ಪಿತು. ಫೋಟೋದ ಹಕ್ಕು ಭದ್ರವಾಗಿ ನಿಂತದ್ದು ಹೀಗೆ. ಫೋಟೋದೊಳಗಿದ್ದ ಆಸ್ಕರ್ ವೈಲ್ಡ್ ಈ ವ್ಯಾಜ್ಯದಲ್ಲಿ ಪಕ್ಷಗಾರನಾಗಿರಲಿಲ್ಲ ಎಂಬುದನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ನಮ್ಮ ಜಿಲ್ಲೆ 1862ರಿಂದ 1956ರವರೆಗೆ ಮುಂಬಯಿ ಆಡಳಿತದಲ್ಲಿತ್ತು. ಬ್ರಿಟಿಷ್ ಇಂಡಿಯಾದಲ್ಲಿ 1847ರ ಕಾಯಿದೆ ಪುಸ್ತಕಗಳ ಮೇಲೆ ಕಣ್ಣಿಟ್ಟಿತ್ತು. ಕನ್ನಡದಲ್ಲಿ ನಾವು ಇಂದಿಗೂ ‘ಗ್ರಂಥಸ್ವಾಮ್ಯ’ ಎನ್ನುವಾಗ ಆ ಹಳೆಯ ಅರ್ಥವೇ ಮಾತಾಡುತ್ತದೆ. ಗ್ರಂಥಕ್ಕೆ ಒಡೆಯನಿದ್ದಾನೆಂದು ಹೇಳುವ ಪದ ಚಿತ್ರದ ವಿಷಯದಲ್ಲಿ ಸುಮ್ಮನಿದೆ. ‘ಹಕ್ಕುಸ್ವಾಮ್ಯ’, ‘ಕೃತಿಸ್ವಾಮ್ಯ’ ಎಂಬ ಪದಗಳು ಬಳಕೆಗೆ ಬಂದಿದ್ದರೂ ಊರಿನ ಮಾತಿನಲ್ಲಿ ಕಾಪಿರೈಟ್ ಎಂದರೆ ಪುಸ್ತಕ ಮತ್ತು ಸಿನಿಮಾ. 1914ರಲ್ಲಿ ಬ್ರಿಟನ್ನಿನ 1911ರ ಕಾಯಿದೆ ಕೆಲವು ಬದಲಾವಣೆಗಳೊಂದಿಗೆ ಇಲ್ಲಿಗೂ ಬಂತು. ಅದರ ಪ್ರಕಾರ ಫೋಟೋದ ಹಕ್ಕು ಮೂಲ ನೆಗೆಟಿವ್ ಮಾಡಿದಂದಿನಿಂದ 50 ವರ್ಷ. ಆ ಹೊತ್ತಿಗೆ ನೆಗೆಟಿವ್ ಯಾರ ಸ್ವತ್ತೋ ಅವರೇ ಕರ್ತೃ. ಗಾಜಿನ ಹಾಳೆಯನ್ನು ಯಾರು ಕೊಂಡರು ಎಂಬುದು ಮುಖ್ಯವಾಗಿತ್ತು, ಗುಂಡಿ ಒತ್ತಿದ ಬೆರಳಲ್ಲ.

ಸ್ವತಂತ್ರ ಭಾರತದ 1957ರ ಕಾಯಿದೆ ಇದನ್ನು ತಿರುಗಿಸಿತು. ಫೋಟೋ ತೆಗೆದವರೇ ಕರ್ತೃ. ಅದರಲ್ಲಿ ಕಲೆಯ ಗುಣ ಇರಲಿ ಇಲ್ಲದಿರಲಿ, ಅದು ಕಲಾಕೃತಿಯೇ. 1992ರಲ್ಲಿ ಹಕ್ಕಿನ ಅವಧಿ 50ರಿಂದ 60 ವರ್ಷಕ್ಕೇರಿತು. 1941ರಲ್ಲಿ ತೀರಿಕೊಂಡ ರವೀಂದ್ರನಾಥ ಠಾಕೂರರ ಕೃತಿಗಳ ಹಕ್ಕು ಮುಗಿಯುವ ಹೊತ್ತಾಗಿತ್ತು. ಅದಕ್ಕಾಗಿ ಇಡೀ ದೇಶದ ಗಡಿಯಾರವನ್ನು ಹತ್ತು ವರ್ಷ ಮುಂದಕ್ಕೆ ತಿರುಗಿಸಿದರು. ಆದರೂ ಫೋಟೋಗೆ ಪ್ರಕಟವಾದಂದಿನಿಂದ ಮಾತ್ರ ಲೆಕ್ಕ. 2012ರ ತಿದ್ದುಪಡಿ ಆ ಭೇದವನ್ನೂ ಅಳಿಸಿತು. ಈಗ ಫೋಟೋಗೂ ಕಾದಂಬರಿಗೂ ಒಂದೇ ನಿಯಮ: ಕರ್ತೃವಿನ ಬದುಕು, ಅದರ ಮೇಲೆ 60 ವರ್ಷ. ನಮಗೆ ಪರಿಚಿತವಾದ ಉದಾಹರಣೆ ಕೊಡುವುದಾದರೆ, 2007ರಲ್ಲಿ ತೀರಿಕೊಂಡ ಪೂರ್ಣಚಂದ್ರ ತೇಜಸ್ವಿಯವರ ಕಾದಂಬರಿಗಳಂತೆಯೇ ಅವರು ತೆಗೆದ ಹಕ್ಕಿಗಳ ಫೋಟೋಗಳೂ 2067ರ ಕೊನೆಯವರೆಗೆ ಹಕ್ಕಿನೊಳಗೇ ಇರುತ್ತವೆ. ವಾಟ್ಸಾಪಿನಲ್ಲಿ ಬೆಳಗಿನ ಶುಭಾಶಯಕ್ಕೆ ಬರುವ ಕಾಜಾಣದ ಫೋಟೋಗೂ ಇದೇ ನಿಯಮ.

ಮಾವನ ಪ್ರಶ್ನೆಗೆ ಕಾನೂನಿನ ಉತ್ತರ ಇದು: ಅಬ್ಬಿ ಯಾರದ್ದೂ ಅಲ್ಲ, ಅಘನಾಶಿನಿ ಯಾರ ಕೃತಿಯೂ ಅಲ್ಲ, ಆದರೆ ಒಂದು ಬೆಳಗ್ಗೆ ಒಂದು ಬಂಡೆಯ ಮೇಲೆ ನಿಂತು ಮಂಜು ಸರಿಯುವುದನ್ನು ಕಾದು ತೆಗೆದ ಆ ಒಂದು ನೋಟ ತೆಗೆದವರದ್ದು. ಉಂಚಳ್ಳಿಗೆ ಲಶಿಂಗ್ಟನ್ ಫಾಲ್ಸ್ ಎಂದು 19ನೇ ಶತಮಾನದ ಬ್ರಿಟಿಷ್ ಕಲೆಕ್ಟರನ ಹೆಸರು ಅಂಟಿಕೊಂಡದ್ದಕ್ಕಿಂತ ಇದು ನ್ಯಾಯವಾದ ಒಡೆತನವೇ.

ಹಾಗಿದ್ದರೆ ತಕರಾರು ಎಲ್ಲಿದೆ? ಹಕ್ಕಿನಲ್ಲಿ ಅಲ್ಲ, ಹಕ್ಕನ್ನು ವಸೂಲಿಯ ಕಸುಬಾಗಿಸಿದ್ದರಲ್ಲಿ. ಮಾರ್ಕ್ ಗೆಟ್ಟಿ ಮತ್ತು ಜೊನಾಥನ್ ಕ್ಲೈನ್ 1995ರಲ್ಲಿ ಶುರುಮಾಡಿದ ಕಂಪನಿ ಮುಂದೆ ಗೆಟ್ಟಿ ಇಮೇಜಸ್ ಆಗಿ ಜಗತ್ತಿನ ಚಿತ್ರಭಂಡಾರಗಳನ್ನು ಒಂದೊಂದಾಗಿ ಕೊಂಡುಕೊಂಡಿತು. ಮಾರ್ಕ್‌ನ ಅಜ್ಜ ಜೆ. ಪಾಲ್ ಗೆಟ್ಟಿ ತೈಲದ ದೊರೆ. ಅಜ್ಜ ನೆಲದಡಿಯ ಎಣ್ಣೆಯಿಂದ ದುಡಿದಂತೆ ಮೊಮ್ಮಗ ಚಿತ್ರಗಳಿಂದ ದುಡಿದ. ಇಂಟರ್ನೆಟ್ ತುಂಬಿದ ಕೋಟಿಗಟ್ಟಲೆ ಪುಟಗಳಲ್ಲಿ ತನ್ನ ಚಿತ್ರ ಎಲ್ಲಿದೆ ಎಂದು ಮನುಷ್ಯರು ಹುಡುಕಲಾರರು. ಇಸ್ರೇಲಿನಲ್ಲಿ ಹುಟ್ಟಿದ ಪಿಕ್‌ಸ್ಕೌಟ್ ಎಂಬ ಕಂಪನಿ ಅದಕ್ಕೆ ತಂತ್ರ ಕಟ್ಟಿತು: ಚಿತ್ರಕ್ಕೆ ಬೆರಳಚ್ಚಿನಂಥ ಒಂದು ಗುರುತು, ಅದನ್ನು ಹಿಡಿದು ಹಗಲಿರುಳು ಪುಟ ತಿರುವುವ ಯಂತ್ರ. 2011ರಲ್ಲಿ ಗೆಟ್ಟಿ ಅದನ್ನೂ ಕೊಂಡಿತು. ಈಗ ಇದೇ ಕೆಲಸ ಮಾಡುವ ಸಂಸ್ಥೆಗಳು ಹಲವಿವೆ. ಫೋಟೋಗ್ರಾಫರ್ ತನ್ನ ಚಿತ್ರಗಳನ್ನು ಒಪ್ಪಿಸುತ್ತಾನೆ, ಯಂತ್ರ ಹುಡುಕುತ್ತದೆ, ಪತ್ರ ತಾನಾಗಿ ಹೋಗುತ್ತದೆ, ಬಂದ ಹಣದಲ್ಲಿ ಪಾಲು. ಪತ್ರ ಕಳಿಸುವುದಕ್ಕೆ ಖರ್ಚಿಲ್ಲದ ಮೇಲೆ ನೂರು ಜನರಲ್ಲಿ ಹತ್ತು ಜನ ಹೆದರಿದರೂ ಲಾಭವೇ. ವಾಲ್ ಊರೂರಿನ ಸಭೆಗಳ ಸುದ್ದಿ ಹುಡುಕಿ ಮಾಡುತ್ತಿದ್ದುದನ್ನು ಈಗ ಸರ್ವರ್ ಮಾಡುತ್ತದೆ.

ಯಂತ್ರಕ್ಕೆ ಚಿತ್ರ ಗೊತ್ತಾಗುತ್ತದೆ, ಒಡೆಯ ಗೊತ್ತಾಗುವುದಿಲ್ಲ. ಇದಕ್ಕೆ ಕ್ಯಾರೊಲ್ ಹೈಸ್ಮಿತ್ ಅವರ ಪ್ರಕರಣಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ. ಅಮೆರಿಕದ ಈ ಛಾಯಾಗ್ರಾಹಕಿ ದಶಕಗಳ ಕಾಲ ದೇಶ ಸುತ್ತಿ ತೆಗೆದ ಸಾವಿರಾರು ಫೋಟೋಗಳನ್ನು ಎಲ್ಲರೂ ಬಳಸಲಿ ಎಂದು ಲೈಬ್ರರಿ ಆಫ್ ಕಾಂಗ್ರೆಸ್‌ಗೆ ಕೊಟ್ಟಿದ್ದರು. 2015ರ ಡಿಸೆಂಬರಿನಲ್ಲಿ ಅವರ ಪ್ರತಿಷ್ಠಾನದ ವೆಬ್‌ಸೈಟಿಗೆ ಒಂದು ವಸೂಲಿ ಪತ್ರ ಬಂತು: ನೀವು ಬಳಸಿರುವ ಚಿತ್ರಕ್ಕೆ 120 ಡಾಲರ್ ಕೊಡಿ. ಆ ಚಿತ್ರ ಹೈಸ್ಮಿತ್ ತಾವೇ ತೆಗೆದದ್ದು. ವಿಚಾರಿಸಿದಾಗ ಅವರು ದಾನ ಕೊಟ್ಟ 18,755 ಚಿತ್ರಗಳನ್ನು ಗೆಟ್ಟಿ ತನ್ನ ಜಾಲತಾಣದಲ್ಲಿ ಬೆಲೆ ಕಟ್ಟಿ ಇಟ್ಟಿದೆ ಎಂದು ತಿಳಿಯಿತು. 2016ರಲ್ಲಿ ಅವರು 100 ಕೋಟಿ ಡಾಲರಿನ ದಾವೆ ಹೂಡಿದರು. ಆದರೆ ಹಕ್ಕನ್ನು ಲೋಕಕ್ಕೆ ಬಿಟ್ಟುಕೊಟ್ಟ ಮೇಲೆ ಕಾಪಿರೈಟಿನ ಹೆಸರಿನಲ್ಲಿ ಕೇಳಲು ಅವರ ಕೈಯಲ್ಲಿ ಏನೂ ಉಳಿದಿರಲಿಲ್ಲ. ದಾವೆಯ ಮುಖ್ಯ ಭಾಗವನ್ನು ನ್ಯಾಯಾಲಯ ಕೈಬಿಟ್ಟಿತು, ಉಳಿದದ್ದು ರಾಜಿಯಲ್ಲಿ ಮುಗಿಯಿತು. ದಾನ ಕೊಟ್ಟವರೇ ಬಾಕಿದಾರರಾಗುವ ಲೋಕ ಇದು.

ಇನ್ನೊಂದು ಬಗೆಯ ಬಲೆ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯದು. ವಿಕಿಪೀಡಿಯದಲ್ಲಿ ಕಾಣುವ ಜೋಗ, ಉಂಚಳ್ಳಿ, ಬನವಾಸಿಯ ಫೋಟೋಗಳಲ್ಲಿ ಬಹಳಷ್ಟು ಇಂಥ ಪರವಾನಗಿಯವು. ಬಿಟ್ಟಿಯಾಗಿ ಬಳಸಬಹುದು, ಆದರೆ ತೆಗೆದವರ ಹೆಸರು ಮತ್ತು ಪರವಾನಗಿಯ ವಿವರ ಹಾಕಲೇಬೇಕು. ಈ ಪರವಾನಗಿಯ ಹಳೆಯ ಆವೃತ್ತಿಗಳಲ್ಲಿ ಹೆಸರು ಹಾಕದಿದ್ದ ಕ್ಷಣಕ್ಕೇ ಅನುಮತಿ ರದ್ದಾಗುತ್ತದೆ. ಚಿತ್ರವನ್ನು ಬಿಟ್ಟಿಯಾಗಿ ಹಂಚಿ, ಹೆಸರು ಮರೆತವರನ್ನು ಹುಡುಕಿ ದಂಡ ಕೇಳುವವರು ಹುಟ್ಟಿಕೊಂಡದ್ದು ಈ ಸಂದಿನಲ್ಲಿ. 2013ರ 4.0 ಆವೃತ್ತಿಯಲ್ಲಿ, ತಪ್ಪು ಗೊತ್ತಾದ 30 ದಿನಗಳೊಳಗೆ ತಿದ್ದಿಕೊಂಡರೆ ಅನುಮತಿ ತಾನಾಗಿ ಮರಳುತ್ತದೆ ಎಂಬ ನಿಯಮ ಸೇರಿಸಿದರು. 1882ರಲ್ಲಿ ಬ್ರಿಟಿಷ್ ಸಂಸತ್ತು ಹಾಡಿನ ಪುಸ್ತಕಕ್ಕೆ ಹಾಕಿದ ತೇಪೆಯ ತಮ್ಮ ಇದು.

ಇನ್ನು ನಮ್ಮ ಕಾಯಿದೆ ಇಂಥ ಪತ್ರದ ಮುಂದೆ ಏನು ಹೇಳುತ್ತದೆ? ಪತ್ರಗಳಲ್ಲಿನ ದೊಡ್ಡ ಅಂಕಿಗಳ ಹಿಂದೆ ಅಮೆರಿಕದ ಕಾಯಿದೆಯ ನೆರಳಿದೆ. ಅಲ್ಲಿ ನಷ್ಟವನ್ನು ಸಾಬೀತು ಮಾಡದೆಯೂ ಕೃತಿಯೊಂದಕ್ಕೆ 750ರಿಂದ 30,000 ಡಾಲರ್, ಉದ್ದೇಶಪೂರ್ವಕವಾದರೆ 1,50,000 ಡಾಲರಿನವರೆಗೆ ಪರಿಹಾರ ಸಿಗಬಹುದು. ಭಾರತದಲ್ಲಿ ಹೀಗೆ ಮೊದಲೇ ಗೊತ್ತುಮಾಡಿದ ಪರಿಹಾರವಿಲ್ಲ. ನಷ್ಟವನ್ನೋ ಲಾಭವನ್ನೋ ತೋರಿಸಬೇಕು. 55ನೇ ಕಲಮಿನ ಪ್ರಕಾರ, ಕೃತಿಗೆ ಹಕ್ಕುಂಟೆಂದು ತನಗೆ ಗೊತ್ತಿರಲಿಲ್ಲ, ಹಾಗೆ ನಂಬಲು ಕಾರಣವೂ ಇರಲಿಲ್ಲ ಎಂದು ಪ್ರತಿವಾದಿ ತೋರಿಸಿದರೆ ತಡೆಯಾಜ್ಞೆ ಮತ್ತು ಆ ಬಳಕೆಯಿಂದ ಬಂದ ಲಾಭದಲ್ಲಿ ನ್ಯಾಯಾಲಯ ಸರಿಕಂಡಷ್ಟು ಪಾಲು, ಇಷ್ಟೇ. ಗೂಗಲ್‌ನಲ್ಲಿ ಸಿಕ್ಕಿತು ಎಂಬುದು ಇಂದಿನ ದಿನದಲ್ಲಿ ಅಂಥ ನಂಬಿಕೆಗೆ ಸಾಕಾಗುವುದು ಕಷ್ಟ. ಸಂಶೋಧನೆ, ವಿಮರ್ಶೆ, ಸುದ್ದಿಗೆ 52ನೇ ಕಲಮು ಕೊಡುವ ವಿನಾಯಿತಿಯೂ ಹೋಂಸ್ಟೇಯ ಜಾಹೀರಾತಿಗೆ ದಕ್ಕುವುದಿಲ್ಲ. ಫೋಟೋ ತೆಗೆದವರು ಹೊರದೇಶದವರು ಎಂದು ಸುಮ್ಮನಿರುವಂತೆಯೂ ಇಲ್ಲ. ಬರ್ನ್ ಒಪ್ಪಂದದಲ್ಲಿ ಭಾರತ 1928ರಿಂದಲೇ ಇದೆ.

63ನೇ ಕಲಮು ಗೊತ್ತಿದ್ದೂ ಹಕ್ಕು ಮುರಿದವರಿಗೆ 6 ತಿಂಗಳಿಂದ 3 ವರ್ಷದವರೆಗೆ ಜೈಲು, 50,000ದಿಂದ 2 ಲಕ್ಷ ರೂಪಾಯಿಯವರೆಗೆ ದಂಡ ಇಟ್ಟಿದೆ. ವ್ಯಾಪಾರದ ಲಾಭಕ್ಕೆ ಮಾಡಿದ್ದಲ್ಲವಾದರೆ ಶಿಕ್ಷೆ ಇಳಿಸಬಹುದು. ಇದು ಪೊಲೀಸರು ವಾರಂಟ್ ಇಲ್ಲದೆ ಬಂಧಿಸಬಹುದಾದ, ಜಾಮೀನು ಹಕ್ಕಾಗಿ ಸಿಗದ ಅಪರಾಧ ಎಂದು ಸುಪ್ರೀಂ ಕೋರ್ಟ್ 2022ರಲ್ಲಿ ಹೇಳಿತು. ಆಸ್ಪತ್ರೆಯ ಕತ್ತರಿಯಂತೆ ಹರಿತವಾದ ಈ ಕಲಮನ್ನು ಹಣ ವಸೂಲಿಯ ಪತ್ರದ ಕೊನೆಯಲ್ಲಿ ತೋರಿಸಿದಾಗ ಯಾರಿಗೂ ಕೈ ನಡುಗುತ್ತದೆ.

ಹಾಗೆ ತೋರಿಸುವವರಿಗೂ ಒಂದು ಕಲಮು ಇದೆ, ಅದು 60ನೆಯದು. ಆಧಾರವಿಲ್ಲದೆ ಕಾಪಿರೈಟಿನ ಬೆದರಿಕೆ ಹಾಕಿದರೆ, ಬೆದರಿಕೆಗೆ ಒಳಗಾದವರೇ ಕೋರ್ಟಿಗೆ ಹೋಗಿ ತಾವು ಹಕ್ಕು ಮುರಿದಿಲ್ಲವೆಂಬ ಘೋಷಣೆ, ಬೆದರಿಕೆಗೆ ತಡೆ ಮತ್ತು ನಷ್ಟ ಪರಿಹಾರ ಪಡೆಯಬಹುದು. ಬೆದರಿಸಿದವರು ನಿಜವಾಗಿಯೂ ದಾವೆ ಹೂಡಿ ಶ್ರದ್ಧೆಯಿಂದ ನಡೆಸಿದರೆ ಮಾತ್ರ ಇದು ಅನ್ವಯವಾಗದು. ಈ ವಿಚಾರ ಬ್ರಿಟನ್ನಿನ 1883ರ ಪೇಟೆಂಟ್ ಕಾಯಿದೆಯಿಂದ ಬಂದದ್ದು. ಅಲ್ಲಿ ಅದು ಪೇಟೆಂಟ್, ಟ್ರೇಡ್‌ಮಾರ್ಕ್, ವಿನ್ಯಾಸಗಳಲ್ಲಿಯೇ ಉಳಿಯಿತು. ಕಾಪಿರೈಟಿಗೂ ಅದನ್ನು ತಂದದ್ದು ನಮ್ಮವರು. ಆದರೆ ನಿಜವಾಗಿಯೂ ಬೇರೆಯವರ ಫೋಟೋ ಬಳಸಿದವರಿಗೆ ಇದು ಗುರಾಣಿಯಲ್ಲ, ತಪ್ಪಿಲ್ಲದವರಿಗೆ ಮಾತ್ರ.

ಇಷ್ಟನ್ನು ಓದಿಕೊಂಡು ಮಾವ ಮತ್ತು ನಾನು ಪರಿಚಯದ ವಕೀಲರೊಬ್ಬರ ಸಲಹೆಯಂತೆ ಉತ್ತರ ಬರೆದೆವು. ಫೋಟೋವನ್ನು ಕೂಡಲೇ ತೆಗೆದೆವು. ಹಳೆಯ ಪುಟದ ಪ್ರತಿಯನ್ನು ಇಟ್ಟುಕೊಂಡೆವು. ಪತ್ರದಲ್ಲಿ ಮೂರು ಪ್ರಶ್ನೆ: ಫೋಟೋ ತೆಗೆದವರು ಯಾರು? ಅವರ ಪರವಾಗಿ ಹಣ ಕೇಳಲು ನಿಮಗೆ ಕೊಟ್ಟ ಅಧಿಕಾರಪತ್ರ ಎಲ್ಲಿ? ಈ ಮೊತ್ತಕ್ಕೆ ಲೆಕ್ಕ ಯಾವುದು, ಇದೇ ಚಿತ್ರವನ್ನು ಬೇರೆಯವರಿಗೆ ಎಷ್ಟಕ್ಕೆ ಕೊಟ್ಟಿದ್ದೀರಿ? ಫೋಟೋ ತೆಗೆದವರ ಹೆಸರು ತಿಳಿಸಿದರೆ ಅವರಿಗೆ ನ್ಯಾಯವಾದ ಬಾಡಿಗೆ ಕೊಡಲು ಸಿದ್ಧ ಎಂದೂ ಸೇರಿಸಿದೆವು. ಹತ್ತು ದಿನಗಳ ಮೇಲೆ ಬಂದ ಉತ್ತರದಲ್ಲಿ ಮೊತ್ತ ಅರ್ಧಕ್ಕೆ ಇಳಿದಿತ್ತು. ಮೂರು ಪ್ರಶ್ನೆಗಳಲ್ಲಿ ಒಂದಕ್ಕೂ ಉತ್ತರವಿರಲಿಲ್ಲ. ಮತ್ತೆ ಅದೇ ಪ್ರಶ್ನೆ ಕಳಿಸಿದೆವು. ಆಮೇಲೆ ಸದ್ದಿಲ್ಲ. ನಷ್ಟ ಪರಿಹಾರದ ದಾವೆಗೆ 3 ವರ್ಷಗಳ ಕಾಲಮಿತಿ ಇರುವುದರಿಂದ ಕಡತ ಇನ್ನೂ ಅವರ ಕಪಾಟಿನಲ್ಲಿದೆ, ಅಡಿಕೆ ಮಾರಾಟದ ಚೀಟಿಗಳ ಜೊತೆ.

ಇಷ್ಟಕ್ಕೇ ನಿಲ್ಲಿಸಿದರೆ ಇದು ಹೊರಗಿನ ಕಂಪನಿ ಮತ್ತು ನಮ್ಮೂರಿನ ಬಡಪಾಯಿಯ ಕತೆಯಾಗುತ್ತದೆ. ಕತೆ ಅಷ್ಟು ಸಲೀಸಲ್ಲ. ಶಿರಸಿ, ಯಲ್ಲಾಪುರಗಳಲ್ಲಿ ಒಳ್ಳೆಯ ಛಾಯಾಗ್ರಾಹಕರಿದ್ದಾರೆ. ಜಿಗಣೆ ಕಚ್ಚಿಸಿಕೊಂಡು ಸಾತೊಡ್ಡಿಗೂ ಮಾಗೋಡಿಗೂ ಇಳಿದು, ಮಾರಿಕಾಂಬಾ ಜಾತ್ರೆಯ ರಥದ ಮುಂದೆ ನೂಕುನುಗ್ಗಲಿನಲ್ಲಿ ನಿಂತು ತೆಗೆದ ಅವರ ಚಿತ್ರಗಳು ಟೂರ್ ಪ್ಯಾಕೇಜುಗಳಲ್ಲಿ, ಸೈಟು ಮಾರುವವರ ಬ್ಯಾನರುಗಳಲ್ಲಿ, ಮಸಾಲೆ ಪೊಟ್ಟಣದ ಮೇಲೆ ಹೆಸರಿಲ್ಲದೆ ತಿರುಗುತ್ತವೆ. ಮೂಲೆಯಲ್ಲಿದ್ದ ಸಹಿಯನ್ನು ಕತ್ತರಿಸಿದ್ದೂ ಕಾಣುತ್ತದೆ. ಅವರಲ್ಲಿ ಯಾರಿಗೂ ಹಗಲಿರುಳು ಹುಡುಕುವ ಯಂತ್ರವಿಲ್ಲ. ಕೇಳಲು ಹೋದರೆ ‘ನಮ್ಮೂರಿನ ಪ್ರಚಾರ ಅಲ್ವೇನೋ ಮಾರಾಯ’ ಎಂಬ ಉತ್ತರ ಸಿಗುತ್ತದೆ. 57ನೇ ಕಲಮಿನಂತೆ ಹಕ್ಕನ್ನು ಮಾರಿದ ಮೇಲೂ ಕೃತಿಯ ಮೇಲಿನ ಹೆಸರು ಕರ್ತೃವಿನದ್ದೇ. ದೆಹಲಿಯ ವಿಜ್ಞಾನ ಭವನದ ಗೋಡೆಯಿಂದ ತನ್ನ ಭಿತ್ತಿಶಿಲ್ಪವನ್ನು ಕಿತ್ತು ಗೋದಾಮಿಗೆ ಎಸೆದ ಸರ್ಕಾರದ ವಿರುದ್ಧ ಶಿಲ್ಪಿ ಅಮರನಾಥ ಸೆಹಗಲ್ ಹೋರಾಡಿ 2005ರಲ್ಲಿ ಗೆದ್ದದ್ದು ಇದೇ ಕಲಮಿನ ಮೇಲೆ.

ನಮ್ಮ ಕರಾವಳಿಯೂ ಇಂಥ ದೊಡ್ಡ ವ್ಯಾಜ್ಯವನ್ನು ಕಂಡಿದೆ. ಶಿವರಾಮ ಕಾರಂತರು ರೂಪಿಸಿದ ಯಕ್ಷಗಾನ ಬ್ಯಾಲೆಯನ್ನು 1997ರಲ್ಲಿ ಅವರು ತೀರಿಕೊಂಡ ಮೇಲೆ ಮಣಿಪಾಲದ ಸಂಸ್ಥೆಯೊಂದು 2001ರಲ್ಲಿ ದೆಹಲಿಯಲ್ಲಿ ಆಡಿಸಿತು. ಉಯಿಲಿನ ಮೂಲಕ ಹಕ್ಕು ಪಡೆದವರು ಉಡುಪಿಯ ನ್ಯಾಯಾಲಯಕ್ಕೆ ಹೋದರು. 2009ರಲ್ಲಿ ಸುಪ್ರೀಂ ಕೋರ್ಟ್ ಹಕ್ಕು ಅವರದ್ದೆಂದು ಒಪ್ಪಿತು. ಜೊತೆಗೇ, 52ನೇ ಕಲಮಿನ ವಿನಾಯಿತಿಗಳಿಗೆ ಒಳಪಡುವ ಪ್ರದರ್ಶನಕ್ಕೆ ತಡೆ ಇಲ್ಲ ಎಂದೂ ಹೇಳಿತು. ಒಡೆತನವನ್ನು ಮನ್ನಿಸಿ, ಕಲೆ ಉಸಿರಾಡಲು ಕಿಟಕಿಯನ್ನೂ ತೆರೆದಿಟ್ಟ ತೀರ್ಪು ಅದು.

ಆದರೆ ನನ್ನನ್ನು ಹೆಚ್ಚು ಕಾಡುವುದು ಆಸ್ಕರ್ ವೈಲ್ಡ್‌ನ ಸ್ಥಾನ. ಫೋಟೋದೊಳಗೆ ಇರುವವರು ಕಾಪಿರೈಟಿನ ಲೆಕ್ಕದಲ್ಲಿ ಇಲ್ಲ. ಸಿದ್ದಾಪುರ, ಶಿರಸಿ, ಸಾಗರದ ಕಡೆಯ ದೀವರ ಹೆಂಗಸರು ಮದುವೆಯ ಮನೆಯ ಗೋಡೆಗೆ ಹಸೆ ಚಿತ್ತಾರ ಬರೆಯುತ್ತಾರೆ. ಕೆಮ್ಮಣ್ಣು ಸಾರಿಸಿದ ಗೋಡೆ, ಅಕ್ಕಿ ಹಿಟ್ಟಿನ ಬಿಳಿ, ಗುರಿಗೆಕಾಯಿಯ ಹಳದಿ, ಪುಂಡಿನಾರಿನ ಕುಂಚ. ಅಜ್ಜಿಯಿಂದ ಮೊಮ್ಮಗಳಿಗೆ ಬಂದ ವಿನ್ಯಾಸಕ್ಕೆ ಒಬ್ಬ ಕರ್ತೃವನ್ನು ತೋರಿಸುವುದು ಹೇಗೆ? ಅದರ ಫೋಟೋ ತೆಗೆದವರಿಗೆ ಮಾತ್ರ ಆ ಕ್ಷಣದಿಂದ ಬದುಕಿನುದ್ದಕ್ಕೂ, ಸತ್ತ ಮೇಲೆ 60 ವರ್ಷವೂ ಹಕ್ಕು. ಯಲ್ಲಾಪುರದ ಕಾಡಿನಂಚಿನ ಸಿದ್ದಿ ಅಜ್ಜಿಯ ಮುಖ ಯಾವುದೋ ರೆಸಾರ್ಟಿನ ವೆಬ್‌ಸೈಟಿನಲ್ಲಿ ‘ಇಲ್ಲಿಯ ಆಫ್ರಿಕಾ’ ಎಂಬಂತೆ ಕಂಡರೆ, ವಸೂಲಿಯ ಯಂತ್ರ ಹುಡುಕುವುದು ಕ್ಯಾಮೆರಾದವನ ಬಾಕಿಯನ್ನು, ಅಜ್ಜಿಯದ್ದನ್ನಲ್ಲ. 2022ರಲ್ಲಿ ಅಮಿತಾಭ್ ಬಚ್ಚನ್ ತಮ್ಮ ಹೆಸರು, ಮುಖ, ದನಿಯನ್ನು ಅನುಮತಿಯಿಲ್ಲದೆ ಬಳಸದಂತೆ ದೆಹಲಿ ಹೈಕೋರ್ಟಿನಿಂದ ಆದೇಶ ತಂದರು. ಮುಖಕ್ಕೂ ಹಕ್ಕುಂಟು ಎಂದಾಯಿತು. ಅಜ್ಜಿಯ ಮುಖಕ್ಕೆ ಆ ದಾರಿ ಬಲು ದೂರ.

ಒಂದು ಕಲಮು ಮಾತ್ರ ನಮ್ಮ ಮನೆಮನೆಗೆ ಸೇರಿದ್ದು, ಹೆಚ್ಚಿನವರಿಗೆ ಗೊತ್ತಿಲ್ಲದ್ದು. 17ನೇ ಕಲಮಿನ ಪ್ರಕಾರ, ಹಣ ಕೊಟ್ಟು ನಾವೇ ತೆಗೆಸಿದ ಫೋಟೋದ ಮೊದಲ ಒಡೆಯರು, ಬೇರೆ ಒಪ್ಪಂದವಿಲ್ಲದಿದ್ದರೆ, ನಾವೇ. ಮದುವೆಯ ಆಲ್ಬಮ್ಮಿನ ಹಕ್ಕು ಸ್ಟುಡಿಯೋದ್ದಲ್ಲ, ಕುಟುಂಬದ್ದು. ಹೋಂಸ್ಟೇಯವರು ಊರಿನ ಛಾಯಾಗ್ರಾಹಕರನ್ನು ಕರೆಸಿ ಒಂದು ದಿನದ ಸಂಬಳ ಕೊಟ್ಟು ಅಬ್ಬಿಯ ಫೋಟೋ ತೆಗೆಸಿದರೆ ಅದರ ಹಕ್ಕು ಅವರದ್ದೇ ಆಗುತ್ತದೆ, ಕೆಳಗೆ ತೆಗೆದವರ ಹೆಸರೂ ಉಳಿಯುತ್ತದೆ. ಹೀಗೆ ಮಾಡುವ ಬದಲು ಬಹಳ ಜನ ಪತ್ರಕ್ಕೆ ಹೆದರಿ ಊರಿನ ಚಿತ್ರಗಳನ್ನೆಲ್ಲ ಅಳಿಸಿ, ಬಿಟ್ಟಿ ಸಿಗುವ ಯಾವುದೋ ದೇಶದ ಜಲಪಾತ ಹಾಕಿಕೊಳ್ಳುತ್ತಿದ್ದಾರೆ. ಶಿರಸಿಗೆ ಬನ್ನಿ ಎಂದು ಕರೆಯುವ ಪುಟದಲ್ಲಿ ಪೈನ್ ಮರಗಳ ಕಾಡು!

ಸಂಶೋಧಕಿಯಾಗಿ ನನಗೆ ಇನ್ನೊಂದು ಚಿಂತೆ. ನಮ್ಮ ಮೂರು ತಾಲೂಕುಗಳ ಹಳೆಯ ಸ್ಟುಡಿಯೋಗಳಲ್ಲಿ ತೆಗೆದ ಯಕ್ಷಗಾನ ಕಲಾವಿದರ, ಮದುವೆ ದಿಬ್ಬಣಗಳ, ಶಾಲೆಯ ಗುಂಪು ಫೋಟೋಗಳ ಹಿಂದೆ ಒಂದು ರಬ್ಬರ್ ಮುದ್ರೆ ಬಿಟ್ಟರೆ ಬೇರೆ ವಿವರವಿಲ್ಲ. ತೆಗೆದವರು ಯಾರು, ಬದುಕಿದ್ದಾರೆಯೇ, ವಾರಸುದಾರರು ಎಲ್ಲಿ? ಪ್ರಬಂಧಕ್ಕೆ ಬಳಸಬಹುದು, ಪುಸ್ತಕವಾಗಿ ಪ್ರಕಟಿಸಲು ಅನುಮತಿ ಬೇಕು. ಒಡೆಯರು ಪತ್ತೆಯಾಗದ ಕೃತಿಗೆ ಪರವಾನಗಿ ಕೇಳಲು 31ಎ ಕಲಮು ಇದೆ. ಅದಕ್ಕೆ ಮೊದಲು ದೇಶದ ಬಹುಭಾಗದಲ್ಲಿ ಪ್ರಸಾರವಿರುವ ಇಂಗ್ಲಿಷ್ ದಿನಪತ್ರಿಕೆಯಲ್ಲಿ ಪ್ರಕಟಣೆ ಕೊಡಬೇಕು. ಯಲ್ಲಾಪುರದ ಮುಚ್ಚಿಹೋದ ಸ್ಟುಡಿಯೋದ ಮೊಮ್ಮಗನನ್ನು ಇಂಗ್ಲಿಷ್ ಪತ್ರಿಕೆಯಲ್ಲಿ ಹುಡುಕುವುದಕ್ಕಿಂತ ಸಂತೆಯ ದಿನ ಬಸ್‌ಸ್ಟ್ಯಾಂಡಿನಲ್ಲಿ ನಿಂತು ಕೇಳುವುದು ಲೇಸು. ನಾನು ಈಗ ಮಾಡುತ್ತಿರುವುದೂ ಅದನ್ನೇ. ಸಿಕ್ಕವರಿಂದ ಒಂದು ಹಾಳೆಯಲ್ಲಿ ಕನ್ನಡದಲ್ಲಿಯೇ ಒಪ್ಪಿಗೆ ಬರೆಸಿಕೊಳ್ಳುತ್ತೇನೆ, ತೆಗೆದವರ ಹೆಸರನ್ನೂ ಫೋಟೋದಲ್ಲಿರುವವರ ಹೆಸರನ್ನೂ ಸೇರಿಸಿ.

ಬೇರೆ ದಾರಿಯನ್ನೂ ಕನ್ನಡ ತೋರಿಸಿದೆ. 2014ರಲ್ಲಿ ನಿರಂಜನರ ಪುಸ್ತಕಗಳನ್ನು ಅವರ ಕುಟುಂಬದವರು ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿ ಎಲ್ಲರಿಗೂ ತೆರೆದಿಟ್ಟರು. ಹೆಸರು ಹೇಳಿ, ಬಳಸಿ, ಅದೇ ಷರತ್ತಿನಲ್ಲಿ ಮುಂದಕ್ಕೆ ಕೊಡಿ. ಹಕ್ಕುಳ್ಳವರೇ ಕೊಡುವ ಒಪ್ಪಿಗೆ ಅದು; ಕೇಳದೆ ತೆಗೆದುಕೊಂಡದ್ದೂ ಅಲ್ಲ, ಹೆದರಿಸಿ ವಸೂಲಿ ಮಾಡಿದ್ದೂ ಅಲ್ಲ.

ಹ್ಯಾರಿ ವಾಲ್‌ನ ಪತ್ರಗಳು ನಿಂತದ್ದು ಹಾಡುವವರು ಹಾಡು ಬಿಟ್ಟಿದ್ದರಿಂದಲ್ಲ. ಯಾವ ಹಾಡಿಗೆ ಯಾರ ಅಪ್ಪಣೆ ಬೇಕು ಎಂಬುದನ್ನು ಪುಸ್ತಕದ ಮುಖಪುಟದಲ್ಲಿಯೇ ಅಚ್ಚು ಹಾಕುವಂತೆ ಮಾಡಿದ್ದರಿಂದ, ದಂಡದ ಅಳತೆಯನ್ನು ನ್ಯಾಯಾಧೀಶರಿಗೆ ಬಿಟ್ಟಿದ್ದರಿಂದ. ಅಂಥ ತಿದ್ದುಪಡಿ ನಮ್ಮಲ್ಲಿ ಬರುವವರೆಗೆ ನಮ್ಮ ಕೈಯಲ್ಲಿರುವುದು ಸಣ್ಣ ಕೆಲಸ: ಪ್ರತಿ ಫೋಟೋದ ಕೆಳಗೆ ಒಂದು ಹೆಸರು ಬರೆಯುವುದು, ಅದರ ಹಿಂದೆ ಒಂದು ಒಪ್ಪಿಗೆ ಇಟ್ಟುಕೊಳ್ಳುವುದು. ಮೂರು ತಾಲೂಕುಗಳಲ್ಲಿ ಇಷ್ಟು ನಡೆದರೆ, ಮುಂದೊಂದು ದಿನ ನನ್ನಂಥವಳು ಈ ಕಾಲದ ಚಿತ್ರಗಳ ಚರಿತ್ರೆ ಬರೆಯಲು ಕೂತಾಗ ರಬ್ಬರ್ ಮುದ್ರೆಯನ್ನು ಬೆಳಕಿಗೆ ಹಿಡಿದು ಅಕ್ಷರ ಕೂಡಿಸುವ ಕಷ್ಟ ಅವಳಿಗೆ ತಪ್ಪುತ್ತದೆ.